ಘರಪಟ್ಟಿಯೊಳಗಿನ ಮರ



ಪರಿಸರದ ಬಗ್ಗೆ ಎರಡು ಮಾತನಾಡು ಎಂದರೆ ಎಲ್ಲರೂ ಗಿಡ ನೆಡೋಣ ಎನ್ನುತ್ತಾರೆ. ನಾನು ಇಂದು ದುಡ್ಡಿನ ಮಾತು ಆಡುತ್ತೇನೆ. ಮನೆಗೆ ಹೋದ ಮೇಲೆ ಮಹಾನಗರಪಾಲಿಕೆಯ ಘರಪಟ್ಟಿ ಬಿಲ್ ತೆಗೆದು ನೋಡಿ. ಬೇರೆ ತೆರಿಗೆಗಳ ನಡುವೆ ‘ವೃಕ್ಷ ಕರ’ ಎಂದು ಒಂದು ಸಾಲು ಇರುತ್ತದೆ. ಮೊತ್ತ ಚಿಕ್ಕದು, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಅದರ ಮೂಲ ನಗರದ ಮರಗಳನ್ನು ಉಳಿಸಲು ಮಹಾರಾಷ್ಟ್ರ 1975ರಲ್ಲಿ ಮಾಡಿದ ಕಾಯ್ದೆ. ಕಾನೂನು ರಾಜ್ಯದ್ದು, ಜಾರಿ ಮಾಡುವ ಹೊಣೆ ಪಾಲಿಕೆಯದು. ಠಾಣೆಯಿರಲಿ, ಕಲ್ಯಾಣ-ಡೊಂಬಿವಲಿಯಿರಲಿ, ನವಿ ಮುಂಬಯಿಯಿರಲಿ, ಆಯುಕ್ತರ ಅಧ್ಯಕ್ಷತೆಯಲ್ಲಿ ವೃಕ್ಷ ಪ್ರಾಧಿಕಾರ ಇರಬೇಕು, ವೃಕ್ಷ ಅಧಿಕಾರಿ ಇರಬೇಕು. 5 ವರ್ಷಕ್ಕೊಮ್ಮೆ ಮರಗಳ ಗಣತಿಯಾಗಬೇಕು. ಮರ ಕಡಿಯಲು ಅರ್ಜಿ ಬಂದರೆ ಅಧಿಕಾರಿ ಬಂದು ನೋಡಬೇಕು, ಆ ಮರದ ಮೇಲೆಯೇ ನೋಟಿಸ್ ಅಂಟಿಸಬೇಕು, ಜನರ ಆಕ್ಷೇಪ ಕೇಳಬೇಕು. 2021ರ ತಿದ್ದುಪಡಿಯಲ್ಲಿ 50 ವರ್ಷ ತುಂಬಿದ ಮರಗಳಿಗೆ ಪಾರಂಪರಿಕ ವೃಕ್ಷ ಎಂಬ ಸ್ಥಾನ ಸಿಕ್ಕಿತು.

ಇದಕ್ಕೆಲ್ಲ ಸಿಬ್ಬಂದಿ ಬೇಕು, ಗಾಡಿ ಬೇಕು, ಸಂಬಳ ಬೇಕು. ನಾನು ಸಾಫ್ಟ್‌ವೇರ್ ಕೆಲಸದವಳು. ಎಷ್ಟು ಚೆನ್ನಾಗಿ ಪ್ರೋಗ್ರಾಂ ಬರೆದರೂ ದಿನವೂ ನೋಡಿಕೊಳ್ಳುವವರಿಲ್ಲದಿದ್ದರೆ ಅದು ಒಂದು ದಿನ ನಿಂತುಹೋಗುತ್ತದೆ. ಕಾನೂನೂ ಹಾಗೆಯೇ.

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಸೊಸೈಟಿಯ ದೊಡ್ಡ ಮರಕ್ಕೆ ಕೊಡಲಿ ಬಿತ್ತು. “ಪರವಾನಗಿ ಎಲ್ಲಿದೆ?” ಎಂದು ಕೇಳಿದೆ. “ಕೊಂಬೆ ತಾನೇ, ಅದಕ್ಕೆಂಥ ಪರವಾನಗಿ?” ಎಂದರು. ಆದರೆ ಈ ಕಾಯ್ದೆಯ ಪ್ರಕಾರ ಮರಕ್ಕೆ ಯಾವ ರೀತಿಯಲ್ಲಿ ಹಾನಿ ಮಾಡಿದರೂ ಅದು ಕಡಿದಂತೆಯೇ. ನಾಲ್ಕಾರು ಹೆಂಗಸರು ಕೆಳಗಿಳಿದು ನಿಂತೆವು, ಕೆಲಸ ನಿಂತಿತು. ಅಷ್ಟರಲ್ಲಿ ಅರ್ಧ ಮರ ಹೋಗಿತ್ತು. ಮಳೆಗಾಳಿಗೆ ಮುರಿದು ಬೀಳುವ ಕೊಂಬೆಯಿಂದ ಜೀವಕ್ಕೆ ಅಪಾಯ, ಅದನ್ನು ತೆಗೆಯಲೇಬೇಕು. ಯಾವುದು ಅಪಾಯ ಎಂದು ಹೇಳಬೇಕಾದವರು ವೃಕ್ಷ ಅಧಿಕಾರಿ, ಕೊಡಲಿ ಹಿಡಿದವನಲ್ಲ.

ನಮ್ಮೂರ ಕಾರಹುಣ್ಣಿಮೆಯ ದಿನವೇ ಇಲ್ಲಿ ವಟಪೌರ್ಣಿಮೆ. ಮಾರುಕಟ್ಟೆಯಲ್ಲಿ ಆಲದ ಕೊಂಬೆಗಳನ್ನು ಮುರಿದು ತಂದು ಮಾರುತ್ತಾರೆ. ಗಂಡನ ಆಯುಷ್ಯ ಬೇಡುವ ನಾವು ಮರದ ಆಯುಷ್ಯ ಕಡಿಮೆ ಮಾಡುವುದು ಬೇಡ. ನಿಂತಿರುವ ಮರದ ಬಳಿಗೇ ಹೋಗಿ ದಾರ ಸುತ್ತೋಣ.

ನನ್ನ ಕೋರಿಕೆ ಇಷ್ಟೇ. ವೃಕ್ಷ ಕರದಿಂದ ಎಷ್ಟು ಹಣ ಬಂತು, ಎಲ್ಲಿ ಖರ್ಚಾಯಿತು, ಮರ ನೋಡಿಕೊಳ್ಳಲು ಎಷ್ಟು ಸಿಬ್ಬಂದಿ ಇದ್ದಾರೆ ಎಂದು ಮಾಹಿತಿ ಹಕ್ಕಿನಡಿ ಕೇಳೋಣ. ಅರ್ಜಿಗೆ 10 ರೂಪಾಯಿ ಸಾಕು. ಮರಾಠಿಯಲ್ಲಿ ಬರೆದುಕೊಡಲು ಇಲ್ಲೇ ಶಾಲೆ ಕಲಿಯುತ್ತಿರುವ ನಮ್ಮ ಮಕ್ಕಳಿದ್ದಾರೆ. ಉತ್ತರ ಬಂದರೆ ಮುಂದಿನ ಬಜೆಟ್ಟಿಗೆ ಮೊದಲು ನಮ್ಮ ನಗರಸೇವಕರ ಮುಂದಿಡೋಣ. ತರಕಾರಿಯವನ ಹತ್ತಿರ ಎರಡು ರೂಪಾಯಿಗೂ ಲೆಕ್ಕ ಕೇಳುವ ನಾವು ಇದನ್ನೇಕೆ ಕೇಳಬಾರದು?