ಮೊದಲ ಕಾರು ಮನೆ ಬಿಡುವಾಗ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಪರಿಸರದ ವೇದಿಕೆಯಲ್ಲಿ ಕಾಡು, ನದಿ, ಅಣೆಕಟ್ಟು, ಗಣಿಗಳ ಮಾತು ಬರುವುದು ವಾಡಿಕೆ. ಮನೆಯಂಗಳದಲ್ಲಿ ನಿಂತ ಕಾರಿನ ಮಾತು ಬರುವುದು ಅಪರೂಪ. ಅದರಲ್ಲೂ ಹಳೆಯ ಕಾರನ್ನು ಮಾರಿ ಇನ್ನೊಂದನ್ನು ತರುವುದು ಆಯಾ ಮನೆಯ ಸ್ವಂತ ವಿಚಾರವೆಂದೇ ಎಲ್ಲರ ಎಣಿಕೆ. ಆದರೆ ಆ ಒಂದು ವ್ಯವಹಾರದೊಳಗೆ ಕಾನೂನು, ಗಾಳಿ, ನೀರು, ಗುಡ್ಡ ಇವೆಲ್ಲವೂ ಸೇರಿಕೊಂಡಿವೆ. ಇವುಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಈ ಉಪನ್ಯಾಸದ ಉದ್ದೇಶ.

ಭಾರತದ ಲಕ್ಷಾಂತರ ಕುಟುಂಬಗಳ ಮೊದಲ ಕಾರು ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಪುಟ್ಟ ವಾಹನದ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಮೂರು ಸಿಲಿಂಡರಿನ, 796 ಸಿಸಿ ಎಂಜಿನ್ನಿನ ಈ ಕಾರು ದೇಶದೊಳಗೆ 25 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಅದೇ 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆಯೂ ನಿಂತಿತು. ಒಂದೇ ವರ್ಷದಲ್ಲಿ ಎರಡು ತಲೆಮಾರುಗಳ ನೆನಪುಗಳು ಹಳೆಯ ಸರಕಿನ ಪಟ್ಟಿಗೆ ಸೇರಿದವು.

ಬಯಲುಸೀಮೆಯ ನಗರದಲ್ಲಿ ಕಾರು ಅನುಕೂಲದ ವಸ್ತು. ಮಲೆನಾಡಿನಲ್ಲಿ ಅದರ ಅರ್ಥ ಬೇರೆ. ಇಲ್ಲಿ ಮನೆಯಿಂದ ಮನೆಗೆ ದೂರ, ಬಸ್ಸಿಗೆ ಹೊತ್ತುಂಟು, ಮಳೆಗಾಲದಲ್ಲಿ ಆ ಹೊತ್ತೂ ಇಲ್ಲ. ಅಡಿಕೆಗೋ ಕಾಫಿಗೋ ಬೆಲೆ ಬಂದ ವರ್ಷ ಅಂಗಳಕ್ಕೆ ಬಂದ ಕಾರು ಆ ಮನೆಗೆ ಮಾತ್ರ ಸೇರಿದ್ದಾಗಿ ಉಳಿಯುತ್ತಿರಲಿಲ್ಲ. ಹೆರಿಗೆ ನೋವು ಬಂದ ನೆರೆಮನೆಯ ಸೊಸೆ, ಹಾವು ಕಚ್ಚಿದ ಕೂಲಿಯಾಳು, ಪರೀಕ್ಷೆಗೆ ಹೊರಟ ಹುಡುಗ, ಇವರೆಲ್ಲರೂ ಅದರ ಹಿಂದಿನ ಸೀಟಿನಲ್ಲಿ ಕುಳಿತವರೇ. ಅಂಥ ವಾಹನವನ್ನು ಮಾರುವಾಗ ಮನೆಯವರ ಕಣ್ಣು ಒದ್ದೆಯಾದರೆ ಅದನ್ನು ಹುಚ್ಚು ವ್ಯಾಮೋಹವೆಂದು ಹಳಿಯಬೇಕಾಗಿಲ್ಲ. ಬಹುಕಾಲ ದುಡಿದ ವಸ್ತುವಿನ ಮೇಲಿನ ಕೃತಜ್ಞತೆ ಅದು. ಪ್ರಶ್ನೆ ಇರುವುದು ಆ ಕೃತಜ್ಞತೆ ಗೇಟಿನವರೆಗೆ ಮಾತ್ರವೋ, ಅದರಾಚೆಗೂ ಉಂಟೋ ಎಂಬುದರಲ್ಲಿ.

ಮೊದಲು ಕಾನೂನಿನ ಮಾತು. ಹಣ ಎಣಿಸಿಕೊಂಡು ಕೀಲಿಕೈ ಕೊಟ್ಟೊಡನೆ ಕಾರಿನ ಋಣ ತೀರಿತೆಂದು ಹಲವರು ಭಾವಿಸುತ್ತಾರೆ. ಹಳ್ಳಿಗಳಲ್ಲಿ ನಂಬಿಕೆಯ ಮೇಲೆ ನಡೆಯುವ ಮಾರಾಟಗಳಲ್ಲಿ ಆರ್‌ಸಿ ಪುಸ್ತಕವು ಹಳೆಯ ಹೆಸರಿನಲ್ಲಿಯೇ ವರ್ಷಗಟ್ಟಲೆ ಉಳಿಯುವುದುಂಟು. ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಅದೇ ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಕೊಂಡವನು 30 ದಿನಗಳೊಳಗೆ ವರದಿ ಮಾಡಬೇಕು. ಇದಕ್ಕಾಗಿಯೇ ಫಾರಂ 29 ಮತ್ತು 30 ಇವೆ. ಹೆಸರು ಬದಲಾಗದೆ ಕೈಯಿಂದ ಕೈಗೆ ದಾಟಿದ ಕಾರೊಂದರ ಅಪಘಾತ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಘಾಟಿಯ ತಿರುವಿನಲ್ಲಿ ಯಾರೋ ಮಾಡಿದ ಅಪಘಾತಕ್ಕೆ, ಕಾರು ಮಾರಿ ಎಷ್ಟೋ ವರ್ಷಗಳಾದ ಕೃಷಿಕನು ತೋಟ ಅಡವಿಡಬೇಕಾದ ಪರಿಸ್ಥಿತಿ ಬರಬಹುದು. ವಿಮೆಯ ಹೆಸರನ್ನೂ ಜೊತೆಯಲ್ಲಿಯೇ ಬದಲಾಯಿಸಬೇಕು. ಹಕ್ಕು ಕೇಳದೆ ಗಳಿಸಿದ ವಿಮಾ ರಿಯಾಯಿತಿ ಮಾತ್ರ ಕಾರಿನ ಜೊತೆ ಹೋಗುವುದಿಲ್ಲ. ಅದು ಮಾರಿದವನ ಹೊಸ ಕಾರಿಗೆ ಸಲ್ಲುತ್ತದೆ.

ಕಾಗದ ಪತ್ರಗಳಾಚೆ ಇನ್ನೊಂದು ಹೊಣೆಯಿದೆ. ಒಬ್ಬರ ಹಳೆಯ ಕಾರು ಇನ್ನೊಬ್ಬರ ಮೊದಲ ಕಾರು. ಇಷ್ಟು ದಿನ ಬೈಕಿನ ಮೇಲೆ ನಾಲ್ವರು ಕುಳಿತು ಮಳೆಯಲ್ಲಿ ತೊಯ್ದ ಕುಟುಂಬವೇ ಅದನ್ನು ಕೊಳ್ಳುವುದು. ಬ್ರೇಕು ಹಿಡಿಯುವುದು ತಡವೆಂಬುದನ್ನು, ತಳದ ತಗಡು ತುಕ್ಕು ತಿಂದಿರುವುದನ್ನು ಮುಚ್ಚಿಟ್ಟು ಮಾರುವುದು ಬಯಲಿನಲ್ಲಿ ಮೋಸ, ಘಾಟಿ ರಸ್ತೆಯಲ್ಲಿ ಅದು ಪ್ರಾಣದ ಪ್ರಶ್ನೆ.

ಇನ್ನು ಹೊಗೆಯ ವಿಚಾರ. ಹಳೆಯ ಕಾರು ಕೆಟ್ಟದ್ದು, ಹೊಸದು ಒಳ್ಳೆಯದು ಎಂಬ ಮಾತು ಪ್ರಚಾರದಲ್ಲಿದೆ. ಇದು ಅರ್ಧ ಸತ್ಯ. ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಕಡ್ಡಾಯವಾದದ್ದು 2000ದಲ್ಲಿ. ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು. ಈ ಎರಡು ದಶಕಗಳಲ್ಲಿ ವಿಷಾನಿಲಗಳ ಮಿತಿ ಬಹಳವಾಗಿ ಬಿಗಿಯಾಯಿತು. ಕಾರ್ಬ್ಯುರೇಟರಿನ ಹಳೆಯ ಕಾರು ಉಗುಳುವ ಇಂಗಾಲದ ಮಾನಾಕ್ಸೈಡ್ ಹಾಗೂ ಅರೆಬೆಂದ ಇಂಧನದ ಅಂಶಗಳು ಇಂದಿನ ಕಾರಿಗಿಂತ ಹೆಚ್ಚು ಎಂಬುದು ನಿಜ.

ಆದರೆ ಭೂಮಿಯನ್ನು ಬಿಸಿಮಾಡುವ ಇಂಗಾಲದ ಡೈಆಕ್ಸೈಡಿನ ಲೆಕ್ಕ ಬೇರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಡೈಆಕ್ಸೈಡ್ ಹೊರಬರುತ್ತದೆ. ಎಂಜಿನ್ ಹಳೆಯದಾದರೂ ಹೊಸದಾದರೂ ಇದು ಬದಲಾಗದು. ಉದಾಹರಣೆಗೆ, ವರ್ಷಕ್ಕೆ 6,000 ಕಿಲೋಮೀಟರ್ ಓಡುವ ಚಿಕ್ಕ ಕಾರು ಲೀಟರಿಗೆ 18 ಕಿಲೋಮೀಟರ್ ಕೊಟ್ಟರೆ 333 ಲೀಟರ್ ಬೇಕು. ಸುಮಾರು 770 ಕಿಲೋ ಅನಿಲ. ಅದನ್ನು ಮಾರಿ, ಲೀಟರಿಗೆ 12 ಕಿಲೋಮೀಟರ್ ಕೊಡುವ ಎತ್ತರದ, ಭಾರದ ಕಾರನ್ನು ತಂದರೆ 500 ಲೀಟರ್ ಬೇಕು. 1,150 ಕಿಲೋ ಅನಿಲ. ಕಾರು ಹೊಸದು, ಪ್ರಮಾಣಪತ್ರ ಶುದ್ಧ, ಆದರೆ ವಾತಾವರಣದ ಹೊರೆ ಹೆಚ್ಚಿತು. ಇದಕ್ಕೆ ಹೊಸ ಕಾರನ್ನು ತಯಾರಿಸುವಾಗಲೇ ಹೊರಬಿದ್ದ ಹಲವು ಟನ್ ಅನಿಲವನ್ನೂ ಸೇರಿಸಬೇಕು. ಮಾರಿದ ಹಳೆಯ ಕಾರು ನಿಲ್ಲುವುದೂ ಇಲ್ಲ. ಅದು ಇನ್ನೊಂದು ಊರಿನಲ್ಲಿ ಓಡುತ್ತಲೇ ಇರುತ್ತದೆ. ಆದ್ದರಿಂದ ಕಾರು ಬದಲಾಯಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ಕಾರಿನ ವಯಸ್ಸಿನದಲ್ಲ. ಅದರ ತೂಕ ಎಷ್ಟು, ವರ್ಷಕ್ಕೆ ಎಷ್ಟು ಓಡುತ್ತದೆ ಎಂಬುದು.

ಮೂರನೆಯದು ಗುಡ್ಡದ ವಿಚಾರ. ಕಾರೆಂದರೆ ಬಹುಪಾಲು ಉಕ್ಕು; ಉಕ್ಕಿನ ಮೂಲ ಅದಿರು; ಅದಿರಿನ ಮೂಲ ಯಾವುದೋ ಒಂದು ಬೆಟ್ಟ. ಈ ಸತ್ಯವನ್ನು ಮಲೆನಾಡಿಗರಿಗೆ ಪಾಠ ಹೇಳಬೇಕಾಗಿಲ್ಲ. 1976ರಲ್ಲಿ ಸ್ಥಾಪಿತವಾದ ಕುದುರೆಮುಖದ ಕಬ್ಬಿಣದ ಅದಿರು ಕಂಪನಿಯು ಭದ್ರೆಯ ಉಗಮದ ನೆಲದಲ್ಲಿ ಗುಡ್ಡಗಳನ್ನು ಬಗೆಯಿತು. ಅದಿರಿನ ರಾಡಿ ಕೊಳವೆಯ ಮೂಲಕ ಘಟ್ಟವಿಳಿದು ಮಂಗಳೂರು ಸೇರುತ್ತಿತ್ತು. ದೀರ್ಘ ಹೋರಾಟದ ಬಳಿಕ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು. ಆ ಅದಿರು ಬಹುಮಟ್ಟಿಗೆ ರಫ್ತಾಗುತ್ತಿತ್ತು. ಯಾವ ಕಾರಿನ ಯಾವ ತಗಡಾಯಿತೆಂದು ಹೇಳಲಾಗದು. ಆದರೆ ಇಲ್ಲಿ ಗಣಿ ಬೇಡವೆಂದು ಕೂಗಿದ ದನಿಗೆ, ಬೇರೆ ಯಾರದೋ ಗುಡ್ಡದ ಉಕ್ಕನ್ನು ಎಷ್ಟು ಮಿತವಾಗಿ ಬಳಸಬೇಕೆಂಬ ವಿವೇಕವೂ ಇರಬೇಕಲ್ಲವೇ?

ವಿದ್ಯುತ್ ಕಾರು ಇದೆಯಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರು 2001ರಲ್ಲಿಯೇ ಮಾರುಕಟ್ಟೆಗೆ ಬಂದಿತ್ತು. ವಿದ್ಯುತ್ ಕಾರು ಹೊಗೆಯುಗುಳದು. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಘಾಟಿಗೆ ಇದು ಒಳ್ಳೆಯ ಗುಣ. ಆದರೆ ಪ್ಲಗ್ಗಿನ ಹಿಂದೆ ರಾಯಚೂರಿನ ಕಲ್ಲಿದ್ದಲಿದೆ, ಕೈಗಾದ ಅಣುಸ್ಥಾವರವಿದೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಿದ ಊರುಗಳಿವೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಜನರು ವಿರೋಧಿಸುತ್ತಿರುವುದೂ ಇದೇ ಕಾರಣಕ್ಕೆ. ವಿದ್ಯುತ್ ಕಾರು ಪೆಟ್ರೋಲ್ ಕಾರಿಗಿಂತ ಮೇಲು. ಓಡಾಟವನ್ನೇ ತಗ್ಗಿಸುವುದು ಅದಕ್ಕಿಂತಲೂ ಮೇಲು.

ಕೊನೆಯದು ನೀರಿನ ವಿಚಾರ. ಯಾರೂ ಕೊಳ್ಳದ ಕಾರು ಹಲವು ಕಡೆ ತೋಟದಂಚಿನಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಲ್ಲುತ್ತದೆ. ನೋಡಲು ಅದು ಸೌಮ್ಯ. ಆದರೆ ಅದರ ಬ್ಯಾಟರಿಯಲ್ಲಿ ಸೀಸ ಮತ್ತು ಆಮ್ಲ, ಎಂಜಿನ್ನಿನಲ್ಲಿ ಸುಟ್ಟ ಎಣ್ಣೆ ಇವೆ. ಒಂದೆರಡು ಮಳೆಗಾಲದಲ್ಲಿ ಅವು ಹಳ್ಳಕ್ಕಿಳಿಯುತ್ತವೆ. ಹಳೆಯ ಬ್ಯಾಟರಿಯನ್ನು ಮಾರಾಟಗಾರರು ಹಿಂದಕ್ಕೆ ಪಡೆಯಬೇಕೆಂಬ ನಿಯಮ 2001ರಲ್ಲಿಯೇ ಬಂದಿತ್ತು. 2021ರ ನಿಯಮಗಳಂತೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕಾರನ್ನು ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. ಶುಲ್ಕಕ್ಕೆ ಹೆದರಿ ಕಾರನ್ನು ಹಳ್ಳದ ದಂಡೆಯಲ್ಲಿ ಕೊಳೆಸುವುದು ಪರಿಹಾರವಲ್ಲ.

ಹಾಗಾದರೆ ಮಾಡಬೇಕಾದುದೇನು? ಗಟ್ಟಿಯಾಗಿರುವ, ಕಡಿಮೆ ಓಡುವ ಚಿಕ್ಕ ಕಾರನ್ನು ಚೆನ್ನಾಗಿ ಸರ್ವಿಸ್ ಮಾಡಿಸಿ ಇನ್ನಷ್ಟು ಕಾಲ ಇಟ್ಟುಕೊಳ್ಳಬಹುದು. ಮಾರುವುದಾದರೆ ದೋಷ ಹೇಳಿ, ಹೆಸರು ಬದಲಾಯಿಸಿ ಮಾರಬೇಕು. ತರುವುದಾದರೆ ಮನೆಯ ಅಗತ್ಯದಷ್ಟು ದೊಡ್ಡದನ್ನು ತರಬೇಕು, ನೆರೆಮನೆಯ ಅಂತಸ್ತಿನಷ್ಟು ದೊಡ್ಡದನ್ನಲ್ಲ. ಒಂದೇ ಪೇಟೆಗೆ ಒಂದೇ ದಿನ ನಾಲ್ಕು ಕಾರುಗಳು ಹೊರಡುವ ಊರಿನಲ್ಲಿ ಮೂರನ್ನು ಅಂಗಳದಲ್ಲಿಯೇ ಬಿಡಲು ಸಾಧ್ಯವಿದೆ. ಊರಿಗೆ ಬರುತ್ತಿದ್ದ ಬಸ್ಸು ನಿಂತಿದ್ದರೆ ಅದನ್ನು ಮರಳಿ ಕೇಳುವುದು ಕಾರಿದ್ದವರ ಕರ್ತವ್ಯವೂ ಹೌದು. ಕಾರಿಲ್ಲದವರ ದನಿಯೊಂದೇ ಕಚೇರಿಯನ್ನು ಮುಟ್ಟುವುದು ಕಷ್ಟ.

ಮೊದಲ ಕಾರು ಅಂಗಳಕ್ಕೆ ಬಂದ ದಿನ ನಿಂಬೆಹಣ್ಣು ಇಟ್ಟು, ಆರತಿ ಎತ್ತಿ ಪೂಜಿಸಿದ್ದರು. ಹೊರಡುವ ದಿನ ಅದಕ್ಕೆ ಬೇಕಾದ ಪೂಜೆ ಎರಡು ಫಾರಮ್ಮುಗಳ ಮೇಲಿನ ಸಹಿ ಮತ್ತು ಒಂದು ಪ್ರಾಮಾಣಿಕ ಮಾತು. ಅಷ್ಟನ್ನು ಸಲ್ಲಿಸಿದವರು ನೆಮ್ಮದಿಯಿಂದ ಅದನ್ನು ಬೀಳ್ಕೊಡಬಹುದು.