ವರ್ಷಕ್ಕೊಂದೇ ಬುಲೆಟಿನ್

ನಾಗಸಾಕಿ ಅಂದ ತಕ್ಷಣ ನಿಮಗೆ ನೆನಪಾಗೋದು ಏನು? 1945ರ ಆಗಸ್ಟ್ 9. ಅಣುಬಾಂಬ್. ನನಗೂ ಅಷ್ಟೇ ಗೊತ್ತಿತ್ತು. ಕಳೆದ ವರ್ಷ ಜಪಾನಿಗೆ ಹೋದಾಗ ಆ ಊರಿನ ಇತಿಹಾಸ ಮತ್ತು ಸಂಸ್ಕೃತಿ ಮ್ಯೂಸಿಯಂ ನೋಡಿದೆ. 2005ರಲ್ಲಿ ಶುರುವಾಗಿದ್ದು. ಹಿಂದೆ ಬಂದರನ್ನು ಆಳುತ್ತಿದ್ದ ಅಧಿಕಾರಿಯ ಕಚೇರಿ ಇದ್ದ ಜಾಗ ಅದು. ಆ ಕಚೇರಿಯ ಒಂದು ಭಾಗವನ್ನೂ ಮತ್ತೆ ಕಟ್ಟಿದ್ದಾರೆ. ಬಾಂಬಿಗಿಂತ ಹಿಂದಿನ ನಾಗಸಾಕಿ ನನಗೆ ಸಿಕ್ಕಿದ್ದು ಅಲ್ಲಿ.

1639ರಲ್ಲಿ ಜಪಾನ್ ಪೋರ್ಚುಗೀಸರನ್ನು ಹೊರಗಟ್ಟಿತು. ಯುರೋಪಿಯನ್ನರಲ್ಲಿ ವ್ಯಾಪಾರಕ್ಕೆ ಉಳಿದವರು ಡಚ್ಚರು ಮಾತ್ರ. ಅವರನ್ನೂ 1641ರಲ್ಲಿ ದೆಜಿಮಾ ಅನ್ನೋ ದ್ವೀಪಕ್ಕೆ ಕಳಿಸಿದರು. ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ, ಬೀಸಣಿಗೆ ಆಕಾರದ ಜಾಗ. ನಾಲ್ಕು ಎಕರೆಯೂ ಇಲ್ಲ. ಊರಿಗೆ ಒಂದೇ ಸೇತುವೆ, ಅದಕ್ಕೂ ಕಾವಲು. ರೇಷ್ಮೆ, ಸಕ್ಕರೆ ಒಳಗೆ ಬರ್ತಿತ್ತು. ಬೆಳ್ಳಿ, ತಾಮ್ರ ಹೊರಗೆ ಹೋಗ್ತಿತ್ತು. ನಮ್ಮ ಕೋರಮಂಡಲ ತೀರದ ಪಟ್ಟೆ ಬಟ್ಟೆಯೂ ಅಲ್ಲಿಗೆ ಹೋಗಿತ್ತು. ಮೈಲಾಪುರದ ಸ್ಯಾನ್ ಥೋಮೆಯ ಹೆಸರಿನಿಂದ ಜಪಾನೀಯರು ಅದನ್ನು ‘ಸಾಂತೊಮೆ’ ಅಂತಲೇ ಕರೆದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸರಕು ಬೇರೆ. ಅದು ಸುದ್ದಿ! ಹಡಗು ಬಂದಾಗ ಡಚ್ ಮುಖ್ಯಸ್ಥ ಹೊರಜಗತ್ತಿನಲ್ಲಿ ಏನೇನಾಯ್ತು ಅಂತ ವರದಿ ಕೊಡಬೇಕಿತ್ತು. ದುಭಾಷಿಗಳು ಅದನ್ನು ಜಪಾನಿ ಭಾಷೆಗೆ ತರೋರು. ಅದು ಎದೋಗೆ, ಅಂದ್ರೆ ಇವತ್ತಿನ ಟೋಕಿಯೋಗೆ, ಶೋಗನ್ ಸರ್ಕಾರಕ್ಕೆ ಹೋಗ್ತಿತ್ತು. ಹೆಸರು ‘ಫೂಸೆತ್ಸುಗಾಕಿ’. ಹೆಚ್ಚುಕಡಿಮೆ ವರ್ಷಕ್ಕೊಂದು ಬುಲೆಟಿನ್.

ಈಗ ಕೇಳಿ. 1795ರಲ್ಲಿ ಫ್ರಾನ್ಸಿನ ಸೈನ್ಯ ಡಚ್ಚರ ದೇಶವನ್ನೇ ಆಕ್ರಮಿಸಿತು. ದೆಜಿಮಾದ ಡಚ್ಚರು ಆ ಸತ್ಯವನ್ನು ಮುಚ್ಚಿಟ್ಟರು. ತಮ್ಮ ಹಡಗು ಬರೋಕಾಗದೆ ಅಮೆರಿಕದ ಹಡಗುಗಳನ್ನು ಬಾಡಿಗೆಗೆ ತಂದು, ಡಚ್ ಬಾವುಟ ಹಾರಿಸಿದರು. 1808ರಲ್ಲಿ ಅದೇ ಡಚ್ ಬಾವುಟ ಹಾರಿಸ್ಕೊಂಡು ಬಂದರಿಗೆ ನುಗ್ಗಿದ್ದು ಬ್ರಿಟಿಷರ ಯುದ್ಧನೌಕೆ ಫೈಟನ್. ಇಬ್ಬರು ಡಚ್ಚರನ್ನು ಹಿಡಿದಿಟ್ಟು, ನೀರು ಆಹಾರ ವಸೂಲಿ ಮಾಡಿ ಹೊರಟುಹೋಯಿತು. ತಡೆಯಲಾಗದ ಹೊಣೆ ಹೊತ್ತು ನಾಗಸಾಕಿಯ ಅಧಿಕಾರಿ ಮತ್ಸುದೈರಾ ಯಾಸುಹಿದೆ ಪ್ರಾಣ ಕಳೆದುಕೊಂಡ.

ಮತ್ತೊಂದು ಘಟನೆ. 1852ರಲ್ಲಿ ಡಚ್ಚರು ಪಕ್ಕಾ ಸುದ್ದಿ ಕೊಟ್ಟರು: ಅಮೆರಿಕದ ನೌಕಾಪಡೆ ಬರ್ತಿದೆ. ಸುದ್ದಿ ಕೆಲವೇ ಜನರ ಮಧ್ಯೆ ಉಳಿಯಿತು. ಸಾಕಷ್ಟು ತಯಾರಿ ಆಗಲಿಲ್ಲ. 1853ರ ಜುಲೈನಲ್ಲಿ ಕಮೊಡೋರ್ ಪೆರ್ರಿಯ ಹಡಗುಗಳು ಬಂದೇಬಿಟ್ಟವು.

ನಾನು ಇಂಜಿನಿಯರಿಂಗ್ ಓದಿದವನು. ಒಂದೇ ತಂತಿಯ ಮೇಲೆ ಇಡೀ ವ್ಯವಸ್ಥೆ ನಿಂತ್ರೆ, ಆ ತಂತಿ ಹೋದ ದಿನ ಎಲ್ಲಾ ಹೋಯ್ತು ಅಂತ ಮೊದಲ ವರ್ಷವೇ ಹೇಳಿಕೊಟ್ಟಿದ್ರು. ಯುರೋಪಿನ ಸುದ್ದಿಗೆ ಜಪಾನಿಗಿದ್ದದ್ದು ಒಂದೇ ಕಿಟಕಿ. ಅಲ್ಲಿ ನಿಂತವನು ಹೇಳಿದ್ದೇ ಲೋಕ.

ಇವತ್ತು ನಿಮ್ಮ ಮನೆಯಲ್ಲಿ ದಿನದ 24 ಗಂಟೆಯೂ ಬುಲೆಟಿನ್. ಆದರೆ ಎಷ್ಟು ಮನೆಗಳಲ್ಲಿ ಕಿಟಕಿ ಇನ್ನೂ ಒಂದೇ? ಒಂದೇ ಚಾನೆಲ್, ಒಂದೇ ವಾಟ್ಸ್‌ಆ್ಯಪ್ ಗ್ರೂಪ್. ಪ್ರತಿ ರಾತ್ರಿ ಆ ಕಿಟಕಿಯಲ್ಲಿ ನಿಲ್ಲೋ ದುಭಾಷಿ ನಾನೇ. ನನಗೂ ಅನುಕೂಲಗಳಿವೆ, ಭಯಗಳಿವೆ. ಅದಕ್ಕೇ ಹೇಳ್ತಿದ್ದೀನಿ. ನಮ್ಮ ಟಿಆರ್‌ಪಿ ನೋಡೋರಿಗೆ ಬೇಜಾರಾದರೂ ಪರವಾಗಿಲ್ಲ. ನಾನು ಹೇಳಿದ್ದನ್ನ ಇನ್ನೊಂದು ಕಡೆಯೂ ಕೇಳಿ ನೋಡಿ. ಬಾವುಟ ನೋಡಿ ಹಡಗನ್ನ ನಂಬಬೇಡಿ.