ಉತ್ತರ ಬರುವವರೆಗೆ ಬ್ರೌಸರ್ ಏನು ಮಾಡಬೇಕು?



ರಾಗಿಯ ಡಬ್ಬವನ್ನು ಕೈಗಿತ್ತು ನಿಮ್ಮನ್ನು ಹಿಟ್ಟಿನ ಗಿರಣಿಗೆ ಕಳುಹಿಸಿದ್ದಾರೆಂದು ಭಾವಿಸಿ. ಬರುವಾಗ ಬೆಲ್ಲ ತರಬೇಕು, ಅಂಚೆಪೆಟ್ಟಿಗೆಗೆ ಒಂದು ಕಾಗದವನ್ನೂ ಹಾಕಬೇಕು. ಗಿರಣಿಯಲ್ಲಿ ಬಹಳ ಜನ. ಹಿಟ್ಟು ಕೈಗೆ ಬರುವ ತನಕ ಅಲ್ಲೇ ನಿಂತಿರುವುದು ಒಂದು ಕ್ರಮ. ಡಬ್ಬದ ಮೇಲೆ ಹೆಸರು ಬರೆದು, ಆದಮೇಲೆ ಕೂಗಿ ಎಂದು ಹೇಳಿ, ಉಳಿದ ಕೆಲಸಕ್ಕೆ ಹೋಗುವುದು ಇನ್ನೊಂದು ಕ್ರಮ. ರಾಗಿ ಬೀಸಲು ತಗಲುವ ಹೊತ್ತು ಎರಡರಲ್ಲೂ ಒಂದೇ. ಆ ಹೊತ್ತಿನಲ್ಲಿ ನೀವು ಏನು ಮಾಡುತ್ತಿರುತ್ತೀರಿ ಎಂಬುದಷ್ಟೇ ಬೇರೆ.

ಜಾಲಪುಟವೊಂದು ದೂರದ ಸರ್ವರ್‌ನಿಂದ ಮಾಹಿತಿ ಕೇಳುವಾಗಲೂ ಈ ಎರಡು ಕ್ರಮಗಳಿವೆ. ಮೊದಲನೆಯದು ಸಿಂಕ್ರೊನಸ್, ಅಂದರೆ ನಿಂತು ಕಾಯುವ ಕೋರಿಕೆ. ಎರಡನೆಯದು ಅಸಿಂಕ್ರೊನಸ್, ಹೇಳಿ ಹೋಗುವ ಕೋರಿಕೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ನಡೆಸುವ, ಗುಂಡಿ ಒತ್ತಿದ್ದನ್ನು ಗಮನಿಸುವ, ಪುಟವನ್ನು ತೆರೆಯ ಮೇಲೆ ಮತ್ತೆ ಬರೆಯುವ ಕೆಲಸಗಳೆಲ್ಲ ಬಹುಮಟ್ಟಿಗೆ ಒಂದೇ ಎಳೆಯಲ್ಲಿ ಸಾಗುತ್ತವೆ. ಮನೆಗೆಲ್ಲ ಓಡಾಡುವ ಹುಡುಗ ಒಬ್ಬನೇ ಎಂದಿಟ್ಟುಕೊಳ್ಳಿ. ಅವನು ಗಿರಣಿಯಲ್ಲಿ ನಿಂತರೆ ಬೆಲ್ಲವೂ ಬರುವುದಿಲ್ಲ, ಕಾಗದವೂ ಹೋಗುವುದಿಲ್ಲ. ಸಾಮಾನ್ಯ ತೆರೆ ಸೆಕೆಂಡಿಗೆ 60 ಬಾರಿ ಹೊಸದಾಗುತ್ತದೆ. ಒಂದು ಬಾರಿಗೆ ಸಿಗುವ ಕಾಲ ಸುಮಾರು 16 ಮಿಲಿಸೆಕೆಂಡು. ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿಲೋಮೀಟರ್. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ನೇರ ದಾರಿಯಲ್ಲೇ ಹೋಗಿ ಬಂದರೂ 140 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ತೆರೆ ಎಂಟು ಬಾರಿ ಹೊಸದಾಗಬೇಕಿತ್ತು. ಎಷ್ಟೇ ಚುರುಕಾದ ಗಣಕಯಂತ್ರ ಕೊಂಡರೂ ಬೆಳಕನ್ನು ಓಡಿಸಲಾಗದು. ಇನ್ನು ಜಾಲ ನಿಧಾನವಿದ್ದರೆ ಕೇಳುವುದೇ ಬೇಡ.

ಈ ಕೋರಿಕೆಗಳ ಮೂಲ ಸಾಧನವಾದ ಎಕ್ಸ್‌ಎಂಎಲ್ ಎಚ್‌ಟಿಟಿಪಿ ರಿಕ್ವೆಸ್ಟ್ ಹುಟ್ಟಿದ್ದು ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ, ಔಟ್‌ಲುಕ್ ಅಂಚೆಯನ್ನು ಬ್ರೌಸರಿನಲ್ಲಿ ಓದುವ ಅಗತ್ಯದಿಂದ. 1999ರ ಮಾರ್ಚ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಅದು ಹೊರಬಂತು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಅದರ ಶಕ್ತಿಯನ್ನು ಜನಕ್ಕೆ ತೋರಿಸಿದವು. ಪುಟವನ್ನು ಪೂರ್ತಿ ಮತ್ತೆ ತರಿಸದೆ ಭೂಪಟವನ್ನು ಎಳೆಯುತ್ತಾ ಹೋಗಬಹುದೆಂಬುದು ಆಗ ಬೆರಗಿನ ವಿಷಯ. 2005ರ ಫೆಬ್ರವರಿಯಲ್ಲಿ ಜೆಸ್ಸೆ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ಅಜಾಕ್ಸ್ ಎಂದು ಹೆಸರಿಟ್ಟರು. ಆ ಹೆಸರಿನ ಮೊದಲ ಅಕ್ಷರವೇ ಅಸಿಂಕ್ರೊನಸ್ ಎಂಬುದನ್ನು ಸೂಚಿಸುತ್ತದೆ.

ಆದರೂ ನಿಂತು ಕಾಯುವ ಬಾಗಿಲು ಆ ಸಾಧನದಲ್ಲಿ ತೆರೆದೇ ಉಳಿಯಿತು. ಓಪನ್ ಎಂಬ ಆಜ್ಞೆಗೆ ಮೂರನೆಯ ಮೌಲ್ಯವಾಗಿ ಫಾಲ್ಸ್ ಎಂದು ಕೊಟ್ಟರೆ ಕೋರಿಕೆ ಸಿಂಕ್ರೊನಸ್ ಆಗುತ್ತದೆ. ಹೊಸಬರು ಈ ಬಾಗಿಲಿಗೆ ಬರುವುದು ಒಂದೇ ದಾರಿಯಲ್ಲಿ. ಅವರು ಕೋರಿಕೆ ಕಳುಹಿಸುತ್ತಾರೆ, ಮರುಸಾಲಿನಲ್ಲೇ ಉತ್ತರವನ್ನು ಬಳಸುತ್ತಾರೆ. ಅಲ್ಲಿ ಸಿಗುವುದು ಅನ್‌ಡಿಫೈನ್ಡ್ ಅಥವಾ ಖಾಲಿ. ಡಬ್ಬ ಕೊಟ್ಟು ಬಂದ ಗಳಿಗೆಯಲ್ಲೇ ರೊಟ್ಟಿ ತಟ್ಟಲು ಕುಳಿತರೆ ಹಿಟ್ಟೆಲ್ಲಿ? ಆಗ ಯಾರಾದರೂ, ಫಾಲ್ಸ್ ಹಾಕಿ ನೋಡಿ, ಸರಿಹೋಗುತ್ತದೆ ಎನ್ನುತ್ತಾರೆ. ಸರಿಹೋಗುತ್ತದೆ, ಹೌದು, ಆದರೆ ಬರೆಯುವವನ ತೊಡಕು ಪುಟ ನೋಡುವವನ ತಲೆಗೆ ವರ್ಗವಾಗುತ್ತದೆ. ಬ್ರೌಸರಿನ ಪುಟದಲ್ಲಿ ಇಂಥ ಕೋರಿಕೆಗೆ ಕಾಲಮಿತಿ ವಿಧಿಸುವ ಅವಕಾಶವೂ ಇಲ್ಲ. ಸರ್ವರ್ ಉತ್ತರ ಕೊಡಲು ಅರ್ಧ ನಿಮಿಷ ತೆಗೆದುಕೊಂಡರೆ ಅರ್ಧ ನಿಮಿಷ ಪುಟ ಕಲ್ಲಾಗಿ ಕೂರುತ್ತದೆ.

ಸರಿಯಾದ ಪರಿಹಾರವೆಂದರೆ ರೊಟ್ಟಿಯ ಕೆಲಸವನ್ನು ಹಿಟ್ಟು ಬಂದ ಮೇಲಿನ ಪಟ್ಟಿಗೆ ಸೇರಿಸುವುದು. ಉತ್ತರ ಬಂದಾಗ ಕರೆಯಬೇಕಾದ ಫಂಕ್ಷನ್ನಿನೊಳಗೇ ಉತ್ತರದ ಬಳಕೆ ಇರಬೇಕು. 2017ರ ಜಾವಾಸ್ಕ್ರಿಪ್ಟ್ ಮಾನಕದಲ್ಲಿ ಬಂದ ಅವೇಟ್ ಎಂಬ ಪದ ಇದನ್ನು ಸಲೀಸು ಮಾಡಿದೆ. ಓದುವಾಗ ಸಾಲುಗಳು ನಿಂತು ಕಾದಂತೆ ಕಾಣುತ್ತವೆ. ನಿಜವಾಗಿ ಆ ಫಂಕ್ಷನ್ ಮಾತ್ರ ಬದಿಗೆ ಸರಿದು, ಪುಟದ ಉಳಿದ ಕೆಲಸಕ್ಕೆ ದಾರಿ ಬಿಡುತ್ತದೆ. ಒಂದು ಎಚ್ಚರಿಕೆ: ಗಿರಣಿಯವನು ಕೂಗಿದರೂ ಹುಡುಗ ಕೈಯಲ್ಲಿರುವ ಕೆಲಸ ಮುಗಿಸಿಯೇ ಹೋಗಬಲ್ಲ. ನೀವೇ ಬರೆದ ದೊಡ್ಡ ಲೆಕ್ಕಾಚಾರ ಎಳೆಯನ್ನು ಹಿಡಿದಿದ್ದರೆ ಅಸಿಂಕ್ರೊನಸ್ ಎಂಬ ಹೆಸರು ಪುಟವನ್ನು ಕಾಪಾಡದು.

ಹೇಳಿ ಹೋಗುವ ಕ್ರಮಕ್ಕೂ ತನ್ನದೇ ಫಜೀತಿಯಿದೆ. ಪಠ್ಯಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲವೆಂದು ನನ್ನ ಅನಿಸಿಕೆ. ಹುಡುಕುವ ಪೆಟ್ಟಿಗೆಯಲ್ಲಿ ‘ಮೈ’ ಎಂದು ಬರೆಯುತ್ತೀರಿ. ಒಂದು ಕೋರಿಕೆ ಹೊರಡುತ್ತದೆ. ‘ಮೈಸೂರು’ ಎಂದು ಮುಗಿಸುತ್ತೀರಿ, ಇನ್ನೊಂದು ಹೊರಡುತ್ತದೆ. ಎರಡನೆಯದರ ಉತ್ತರ ಮೊದಲು ಬಂದು, ಮೊದಲನೆಯದು ಆಮೇಲೆ ಬಂದರೆ? ಪೆಟ್ಟಿಗೆಯಲ್ಲಿ ಮೈಸೂರು, ಕೆಳಗೆ ‘ಮೈ’ಗೆ ಸಂಬಂಧಿಸಿದ ಹಳೆಯ ಪಟ್ಟಿ. ನಿಮ್ಮ ಮೇಜಿನ ಮೇಲಿನ ವೇಗದ ಜಾಲದಲ್ಲಿ ಈ ದೋಷ ತಲೆಯೆತ್ತುವುದೇ ಅಪರೂಪ, ಆದ್ದರಿಂದ ಹಿಡಿಯುವುದು ಕಷ್ಟ. ಡಬ್ಬದ ಮೇಲೆ ಹೆಸರು ಬರೆಯುವುದು ಇದಕ್ಕಾಗಿಯೇ. ಪ್ರತಿ ಕೋರಿಕೆಗೂ ಒಂದು ಸಂಖ್ಯೆ ಕೊಟ್ಟು, ಇತ್ತೀಚಿನದಲ್ಲದ ಉತ್ತರವನ್ನು ಬಿಟ್ಟುಬಿಡಬೇಕು. ಇಲ್ಲವೇ ಹೊಸದು ಹೊರಡುವಾಗ ಹಳೆಯದನ್ನು ಅಬಾರ್ಟ್ ಆಜ್ಞೆಯಿಂದ ರದ್ದು ಮಾಡಬೇಕು.

ಪುಟವನ್ನು ಮುಚ್ಚುವ ಹೊತ್ತಿಗೆ ಕೊನೆಯ ಮಾಹಿತಿ ಕಳುಹಿಸಲು ಹಲವು ತಾಣಗಳು ಸಿಂಕ್ರೊನಸ್ ಕೋರಿಕೆಯನ್ನೇ ನೆಚ್ಚಿದ್ದವು. ಹೊರಟುನಿಂತ ಅತಿಥಿಯ ಸೆರಗು ಹಿಡಿದು ಜಗ್ಗಿದಂತೆ! 2020ರಲ್ಲಿ ಕ್ರೋಮ್ 80ನೆಯ ಆವೃತ್ತಿ ಇದನ್ನು ನಿಷೇಧಿಸಿತು. ಈ ಕೆಲಸಕ್ಕೆ ಸೆಂಡ್‌ಬೀಕನ್ ಎಂಬ ಬೇರೆ ಸೌಲಭ್ಯವಿದೆ. ಮಾಹಿತಿಯನ್ನು ಬ್ರೌಸರಿಗೆ ಒಪ್ಪಿಸಿ ಪುಟ ತನ್ನ ಪಾಡಿಗೆ ಹೋಗುತ್ತದೆ. ವರ್ಕರ್ ಎಂಬ ಪ್ರತ್ಯೇಕ ಎಳೆಯಲ್ಲಿ ಮಾತ್ರ ನಿಂತು ಕಾಯುವುದಕ್ಕೆ ಇಂದಿಗೂ ಆಕ್ಷೇಪವಿಲ್ಲ, ಏಕೆಂದರೆ ಅಲ್ಲಿ ನೋಡುಗನ ಗುಂಡಿಯೂ ಇಲ್ಲ, ತೆರೆಯೂ ಇಲ್ಲ.

ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಪುಟ ಬರೆದು ನೋಡಿ. ಬರೆಯಲು ಒಂದು ಪೆಟ್ಟಿಗೆ, ಕೋರಿಕೆ ಕಳುಹಿಸಲು ಒಂದು ಗುಂಡಿ ಸಾಕು. ಉತ್ತರ ಕೊಡುವ ಮುನ್ನ ಸರ್ವರ್ ಐದು ಸೆಕೆಂಡು ಸುಮ್ಮನಿರಲಿ. ಮೂರನೆಯ ಮೌಲ್ಯವನ್ನು ಫಾಲ್ಸ್ ಮಾಡಿ, ಗುಂಡಿ ಒತ್ತಿ, ತಕ್ಷಣ ಪೆಟ್ಟಿಗೆಯಲ್ಲಿ ನಿಮ್ಮ ಹೆಸರು ಬರೆಯಲು ಹೋಗಿ. ಬೆರಳು ಕೀಲಿಗಳ ಮೇಲೆ ಓಡುತ್ತದೆ, ಪೆಟ್ಟಿಗೆ ಖಾಲಿಯಾಗಿಯೇ ಇರುತ್ತದೆ. ಬಳಿಕ ಅದನ್ನು ಟ್ರೂ ಮಾಡಿ ಅದೇ ಹೆಸರನ್ನು ಮತ್ತೊಮ್ಮೆ ಬರೆಯಿರಿ.